ಕಾಣದ ಗೆಲಾಕ್ಸಿಗಳ ಲೆಕ್ಕ

ಪ್ರಶ್ನೆ: ಬ್ರಹ್ಮಾಂಡದ ಆರಂಭಕಾಲದಲ್ಲಿ ಪ್ರಖರ ಗೆಲಾಕ್ಸಿಗಳಿಗಿಂತ ಮಂಕಾದವುಗಳ ಪಾಲು ಇನ್ನೂ ಹೆಚ್ಚಿತ್ತು ಎಂದು ಓದಿದೆ. ಮಂಕಾದವು ದೂರದರ್ಶಕಕ್ಕೆ ಕಾಣುವುದೇ ಕಷ್ಟವಾಗಿರುವಾಗ ಇದನ್ನು ಅಳೆಯುವುದು ಹೇಗೆ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಈ ಅಳತೆಯ ನಿಜವಾದ ತೊಡಕು ಇರುವುದೇ ನೀವು ಕೇಳಿದ ಜಾಗದಲ್ಲಿ.

ಮೊದಲು ದೂರ ಗೊತ್ತಾಗಬೇಕು. ಆ ಕಾಲದ ಗೆಲಾಕ್ಸಿಗಳಿಂದ ಹೊರಟ, 121.6 ನ್ಯಾನೊಮೀಟರ್‌ಗಿಂತ ಕಡಿಮೆ ತರಂಗಾಂತರದ ಅತಿನೇರಳೆ ಬೆಳಕನ್ನು ದಾರಿಯಲ್ಲಿರುವ ಜಲಜನಕ ಬಹುಮಟ್ಟಿಗೆ ಹೀರಿಬಿಡುತ್ತದೆ. ಬ್ರಹ್ಮಾಂಡ ಹಿಗ್ಗುವುದರಿಂದ, ಕೆಂಪು ಪಲ್ಲಟ (ಬೆಳಕಿನ ತರಂಗಾಂತರ ಹಿಗ್ಗಿದ ಪ್ರಮಾಣ; ಇದು ಹೆಚ್ಚಿದಷ್ಟೂ ಗೆಲಾಕ್ಸಿ ಹೆಚ್ಚು ದೂರ) 7 ಇರುವ ಗೆಲಾಕ್ಸಿಯಲ್ಲಿ ಈ ಅಂಚು ಸುಮಾರು 970 ನ್ಯಾನೊಮೀಟರ್‌ಗೆ ಸರಿದಿರುತ್ತದೆ. ಒಂದೇ ಜಾಗದ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ, ಅವಕೆಂಪು ಚಿತ್ರದಲ್ಲಿ ಸಣ್ಣದೊಂದು ಮಸುಕು ಚುಕ್ಕೆ ಇರುತ್ತದೆ. ದೃಗ್ಗೋಚರ ಬೆಳಕಿನ ಚಿತ್ರದಲ್ಲಿ ಅದೇ ಸ್ಥಳ ಖಾಲಿಯಾಗಿರುತ್ತದೆ. ಚುಕ್ಕೆ ಯಾವ ತರಂಗಾಂತರದಲ್ಲಿ ಮರೆಯಾಗುತ್ತದೆ ಎಂಬುದರಿಂದ ದೂರದ ಅಂದಾಜು ಸಿಗುತ್ತದೆ. 2009ರಲ್ಲಿ ಹಬಲ್‌ಗೆ ಹೊಸ ಅವಕೆಂಪು ಕ್ಯಾಮೆರಾ ಅಳವಡಿಸಿದ ಮೇಲೆ ಇಂಥ ಚುಕ್ಕೆಗಳು ನೂರಾರು ಸಂಖ್ಯೆಯಲ್ಲಿ ಸಿಕ್ಕವು.

ಇನ್ನು ತಪ್ಪಿಹೋದವುಗಳ ಮಾತು. ಖಗೋಳಜ್ಞರು ಆ ಚಿತ್ರದೊಳಕ್ಕೇ ಗೊತ್ತಾದ ಪ್ರಕಾಶದ ಸಾವಿರಾರು ಕೃತಕ ಗೆಲಾಕ್ಸಿಗಳನ್ನು ಕಂಪ್ಯೂಟರಿನ ಮೂಲಕ ಸೇರಿಸಿ, ನಿಜವಾದವನ್ನು ಹುಡುಕಿದ ತಂತ್ರಾಂಶದಿಂದಲೇ ಅವನ್ನೂ ಹುಡುಕಿಸುತ್ತಾರೆ. ಒಂದು ಪ್ರಕಾಶಮಟ್ಟದಲ್ಲಿ ನೂರಕ್ಕೆ ನಲವತ್ತು ಮಾತ್ರ ಸಿಕ್ಕವು ಎಂದಿಟ್ಟುಕೊಳ್ಳಿ. ಆಗ ಅದೇ ಮಟ್ಟದಲ್ಲಿ ಸಿಕ್ಕ ನಿಜವಾದ ಗೆಲಾಕ್ಸಿಗಳ ಎಣಿಕೆಯನ್ನು ಎರಡೂವರೆ ಪಟ್ಟು ಮಾಡಬೇಕಾಗುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಪ್ರಾಮಾಣಿಕತೆ ನಿಂತಿರುವುದು ಈ ಹಂತದ ಮೇಲೆ. ಇನ್ನೂ ಮಂಕಾದವಕ್ಕೆ ಏಬೆಲ್ 2744ರಂಥ ಗೆಲಾಕ್ಸಿ ಗುಚ್ಛಗಳ ಗುರುತ್ವವೇ, ಹಿಂದಿರುವವನ್ನು ಪ್ರಖರವಾಗಿ ತೋರಿಸುವ ಮಸೂರವಾಗಿ ನೆರವಾಗುತ್ತದೆ. ಆದರೆ ಆ ಗುಚ್ಛದ ದ್ರವ್ಯರಾಶಿಯ ಅಂದಾಜು ತಪ್ಪಿದರೆ ಎಣಿಕೆಯೂ ತಪ್ಪುತ್ತದೆ.

ಹೀಗೆ ತಿದ್ದಿದ ಎಣಿಕೆಯು 1976ರಲ್ಲಿ ಖಗೋಳಜ್ಞ ಪಾಲ್ ಶೆಕ್ಟರ್ ಸೂಚಿಸಿದ ವಕ್ರರೇಖೆಗೆ ಬಹುಪಾಲು ಹೊಂದುತ್ತದೆ: ಪ್ರಖರ ತುದಿಯಲ್ಲಿ ಸಂಖ್ಯೆ ಥಟ್ಟನೆ ಕುಸಿಯುತ್ತದೆ, ಮಂಕು ತುದಿಯತ್ತ ಏರುತ್ತಲೇ ಹೋಗುತ್ತದೆ. ಹಬಲ್ ಚಿತ್ರಗಳ ಹತ್ತು ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬ್ರಹ್ಮಾಂಡಕ್ಕೆ 150 ಕೋಟಿ ವರ್ಷವಾಗಿದ್ದ ಕಾಲದಿಂದ 65 ಕೋಟಿ ವರ್ಷದ ಕಾಲಕ್ಕೆ ಹಿಂದೆ ಸರಿದಂತೆ, ಮಂಕು ತುದಿಯ ಇಳಿಜಾರು ಸುಮಾರು -1.6ರಿಂದ -2ರ ಆಸುಪಾಸಿಗೆ ಕಡಿದಾಗುತ್ತದೆ. ಅಂದರೆ ಹಿಂದಿನ ಕಾಲಕ್ಕೆ ಹೋದಷ್ಟೂ ಮಂಕಾದವುಗಳ ಪಾಲು ಹೆಚ್ಚು; ನೀವು ಓದಿದ್ದು ಇದನ್ನೇ.

ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಬಂದ ಮೇಲೆ ಪ್ರಖರ ತುದಿಯೇ ಚರ್ಚೆಯ ವಿಷಯವಾಗಿದೆ. ಬಣ್ಣವನ್ನಷ್ಟೇ ನೋಡಿ ಕೆಂಪು ಪಲ್ಲಟ 16 ಎಂದು ಅಂದಾಜಿಸಿದ್ದ ಒಂದು ಗೆಲಾಕ್ಸಿಯ ರೋಹಿತ (ಬೆಳಕನ್ನು ತರಂಗಾಂತರವಾರು ಬಿಡಿಸಿದ ದಾಖಲೆ) ತೆಗೆದಾಗ, ಅದು ಕೇವಲ 4.9 ಎಂದು ತಿಳಿಯಿತು. ಅಂಥ ಒಂದು ತಪ್ಪು ಸೇರಿದರೂ ವಿರಳವಾದ ಪ್ರಖರ ತುದಿಯ ಲೆಕ್ಕ ಏರುಪೇರಾಗುತ್ತದೆ. ಆದರೂ 2024ರಲ್ಲಿ ರೋಹಿತದಿಂದ ದೃಢಪಟ್ಟ ಜೇಡ್ಸ್-ಜಿಎಸ್-ಝಡ್14-0 ಎಂಬ ಗೆಲಾಕ್ಸಿ, ಬ್ರಹ್ಮಾಂಡಕ್ಕೆ ಸುಮಾರು 30 ಕೋಟಿ ವರ್ಷವಾಗಿದ್ದಾಗಲೇ ನಿರೀಕ್ಷೆಗೆ ಮೀರಿ ಬೆಳಗುತ್ತಿತ್ತು. ಅಲ್ಲಿ ನಕ್ಷತ್ರಗಳು ಒಮ್ಮೆಗೇ ಹುಟ್ಟಿದವೋ, ಬೆಳಕನ್ನು ತಡೆಯುವ ಧೂಳು ಕಡಿಮೆ ಇತ್ತೋ ಎಂಬುದನ್ನು ಬರಿಯ ಎಣಿಕೆಯಿಂದ ತೀರ್ಮಾನಿಸಲಾಗದು. ಅದಕ್ಕೆ ಒಂದೊಂದರ ರೋಹಿತವೂ ಬೇಕು.