ಅಪ್ಪನ ಹಳೆಯ ಪದ್ಮಿನಿಗೆ 100 ಆಕ್ಟೇನ್ ಪೆಟ್ರೋಲ್ ಬೇಕಾ?

ನಿಮ್ಮ ತಂದೆಯವರ 1978ರ ಪದ್ಮಿನಿ ಕಾರು ಕಾತ್ರಜ್ ಘಾಟ್ ಹತ್ತುವಾಗ ಕಟಕಟ ಸದ್ದು ಮಾಡುತ್ತೆ, 100 ಆಕ್ಟೇನ್ ಹಾಕಿಸಿದರೆ ಸರಿಹೋಗುತ್ತಾ, ಪಿಕಪ್ ಬರುತ್ತಾ ಅಂತ ಕೇಳಿದ್ದೀರಿ. ಪಿಕಪ್‌ಗಾಗಿ ಆದರೆ ಖಂಡಿತ ಬೇಡ. ಪುಣೆಯಲ್ಲಿ ನಾನೂ ಪದ್ಮಿನಿ ಇಟ್ಟುಕೊಂಡಿದ್ದೀನಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಕ್ಟೇನ್ ಅಂದರೆ ಪೆಟ್ರೋಲಿನ ಬಲ ಅಲ್ಲ. ಸಿಲಿಂಡರಿನಲ್ಲಿ ಒತ್ತಡ, ಬಿಸಿ ಏರಿದಾಗ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತೆ ಅನ್ನುವ ಅಳತೆ. ಹಾಗೆ ತಾನಾಗಿ ಹೊತ್ತಿಕೊಂಡಾಗ ಬರೋದೇ ಆ ಕಟಕಟ ಸದ್ದು. ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ-ಪೆಟ್ರೋಲನ್ನು ಒತ್ತುವ ಪ್ರಮಾಣ) ಜಾಸ್ತಿ ಇರುವ ಇಂಜಿನ್‌ಗೆ ಹೆಚ್ಚು ಆಕ್ಟೇನ್ ಬೇಕು. ಪದ್ಮಿನಿಯ 1089 ಸಿಸಿ ಇಂಜಿನ್ ಹಳೇ ಫಿಯಾಟ್‌ದು, ಕಂಪ್ರೆಷನ್ ಕಡಿಮೆ. 91 ಧಾರಾಳ ಸಾಕು. (ಅಮೆರಿಕದ ಪುಸ್ತಕದಲ್ಲಿ 87 ಅಂತಿದ್ದರೆ ಗಾಬರಿ ಬೇಡ. ಅವರ ಲೆಕ್ಕ ಬೇರೆ, ಅದು ನಮ್ಮ 91ಕ್ಕೆ ಹತ್ತಿರ.)

ಹಾಗಾದರೆ ಸದ್ದು ಯಾಕೆ? ಮೊದಲು ಟೈಮಿಂಗ್, ಅಂದರೆ ಸ್ಪಾರ್ಕ್ ಬರುವ ಹೊತ್ತು ಸರಿಯಿದೆಯಾ ನೋಡಿಸಿ. ಸ್ಪಾರ್ಕನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಸಣ್ಣ ಸ್ಪ್ರಿಂಗ್ ಸಡಿಲವಾದರೆ ಸ್ಪಾರ್ಕ್ ಬೇಗ ಬರುತ್ತೆ. ಆಮೇಲೆ ಹೆಡ್‌ನಲ್ಲಿ (ಸಿಲಿಂಡರಿನ ಮೇಲಿನ ಮುಚ್ಚಳ) ಕಟ್ಟಿದ ಕಾರ್ಬನ್. ಇವೆರಡನ್ನೂ ಬಿಟ್ಟು ದುಬಾರಿ ಪೆಟ್ರೋಲ್ ಸುರಿದರೆ ಸದ್ದು ಅಡಗಬಹುದು, ರೋಗ ಹಾಗೇ ಉಳಿಯುತ್ತೆ.

ನನಗೆ ನಿಜವಾಗಿ ಚಿಂತೆ ಇರೋದು ಈಗ ಪೆಟ್ರೋಲಿಗೆ ಬೆರೆಸುವ ಎಥನಾಲ್ ಅನ್ನೋ ಆಲ್ಕೋಹಾಲ್ ಬಗ್ಗೆ. ಅದು ಸೇರಿದರೆ ಆಕ್ಟೇನ್ ಏರುತ್ತೆ, ಆದರೆ ಆ ಕಾಲದ ರಬ್ಬರ್‌ಗೆ ಆಗಿಬರಲ್ಲ. ಇಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ, ಪಂಪಿನಿಂದ ಕಾರ್ಬುರೇಟರ್‌ಗೆ ಹೋಗುವ ಪೈಪನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ. ಮೆತ್ತಗಾಗಿ ಬೆರಳಿಗೆ ಕಪ್ಪು ಅಂಟಿದರೆ, ಅಥವಾ ಕ್ಲಿಪ್ ಹತ್ತಿರ ಸಣ್ಣ ಬಿರುಕು ಕಂಡರೆ, ಗಾಡಿ ಹೊರಗೆ ತೆಗೆಯಲೇಬೇಡಿ. ಬೆಂಕಿಯ ಅಪಾಯ ಅದು. ಇ20ಗೆ (20% ಎಥನಾಲ್ ಬೆರೆತ ಪೆಟ್ರೋಲ್) ತಾಳುವ ಪೈಪ್ ಹಾಕಿಸಿ, ಪಂಪಿನ ಒಳಗಿನ ಡಯಾಫ್ರಾಮ್ ಪೊರೆಯನ್ನೂ ಬದಲಾಯಿಸಿ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತೆ, ಟ್ಯಾಂಕ್ ಒಳಗೆ ತುಕ್ಕು ಹಿಡಿಯುತ್ತೆ.

ಇನ್ನು ಸೀಸ. 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಹಳೇ ವಾಲ್ವ್ ಸೀಟಿನ (ಹೆಡ್‌ನಲ್ಲಿ ವಾಲ್ವ್ ಬಂದು ಕೂರುವ ಜಾಗ) ಸವೆತ ತಡೆಯುತ್ತಿದ್ದದ್ದು ಅದೇ. ಹೆಡ್ ಬಿಚ್ಚಿದಾಗ ಗಟ್ಟಿ ಸೀಟ್ ಕೂರಿಸಿಬಿಡಿ.

100 ಆಕ್ಟೇನ್‌ಗೆ ಒಂದೇ ಒಂದು ಕಡೆ ನನ್ನ ಓಟು. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100ನಲ್ಲಿ ಎಥನಾಲ್ ಇಲ್ಲ. ಮಳೆಗಾಲವಿಡೀ ಗಾಡಿ ಶೆಡ್‌ನಲ್ಲೇ ನಿಲ್ಲುತ್ತೆ ಅಂದರೆ, ನಿಲ್ಲಿಸುವ ಮುಂಚೆ ಟ್ಯಾಂಕಿಗೆ ಅದನ್ನೇ ತುಂಬಿಸಿ.