ಎಂಟರ ಮಗು ಉಳಿಯಲ್ಲ ಅನ್ನೋದು ನಿಜವೇ? ಹೊಟ್ಟೆಯಲ್ಲಿ ಶ್ವಾಸಕೋಶ ಬಲಿಯುವುದು ಹೇಗೆ?

ಅಕ್ಕನಿಗೆ 33ನೇ ವಾರ, ಮಗುವಿನ ಶ್ವಾಸಕೋಶ ಬಲಿಯಲಿ ಅಂತ ಡಾಕ್ಟರು ಇಂಜೆಕ್ಷನ್ ಬರೆದಿದ್ದಾರೆ, ಅಜ್ಜಿ ಮಾತ್ರ "ಏಳರಲ್ಲಿ ಹುಟ್ಟಿದ್ದು ಉಳಿಯುತ್ತೆ, ಎಂಟರಲ್ಲಿ ಹುಟ್ಟಿದ್ದು ಉಳಿಯಲ್ಲ" ಅಂತಿದ್ದಾರೆ, ಯಾರ ಮಾತು ನಂಬೋದು ಅಂತ ಕೇಳಿದ್ದೀರಿ. ಡಾಕ್ಟರ ಮಾತು ನಂಬಿ. ನಾನು ದಾವಣಗೆರೆಯಲ್ಲಿ ಹಸುಗೂಸುಗಳ ವಾರ್ಡಿನಲ್ಲಿ ನರ್ಸ್. ಜಗಳೂರು, ಹೊಳಲ್ಕೆರೆ, ಚನ್ನಗಿರಿ, ಯಾವ ಕಡೆಯಿಂದ ಬಂದ ಅಜ್ಜಿಯರೂ ಇದೇ ಮಾತು ಹೇಳುತ್ತಾರೆ. ಆದರೆ ಎಂಟರ ಮಗುವಿನ ಶ್ವಾಸಕೋಶ ಏಳರದ್ದಕ್ಕಿಂತ ಒಂದು ತಿಂಗಳು ಜಾಸ್ತಿ ಬಲಿತಿರುತ್ತದೆ. ಅದು ಹೇಗೆ ಕಡಿಮೆಯಾದೀತು?

ಶ್ವಾಸಕೋಶ ಶುರುವಾಗುವುದು ನಾಲ್ಕನೇ ವಾರದಲ್ಲಿ, ಅನ್ನನಾಳ ಆಗಬೇಕಾದ ಕೊಳವೆಯ ಮುಂದೆ ಮೂಡುವ ಒಂದು ಸಣ್ಣ ಮೊಗ್ಗಿನಿಂದ. ಅದು ಎರಡಾಗಿ, ಕವಲೊಡೆಯುತ್ತಾ ಹೋಗುತ್ತದೆ. ಸುಮಾರು 16-17 ವಾರಕ್ಕೆ ಗಾಳಿ ಓಡಾಡುವ ಕೊಳವೆಗಳೆಲ್ಲ ಬಹುಪಾಲು ಮುಗಿದಿರುತ್ತವೆ. ದಾರಿ ಆಯಿತು, ಊರು ಇನ್ನೂ ಇಲ್ಲ. ಗಾಳಿಯಿಂದ ಆಮ್ಲಜನಕವನ್ನು ರಕ್ತಕ್ಕೆ ದಾಟಿಸುವ ಜಾಗ ಆಗಿರುವುದಿಲ್ಲ. ಅದಕ್ಕೇ 20 ವಾರಕ್ಕೆ ಹುಟ್ಟಿದ ಕೂಸಿಗೆ ಎಂಥ ಮಷೀನು ಇಟ್ಟರೂ ಪ್ರಯೋಜನವಿಲ್ಲ. ಆಮೇಲಿನ ವಾರಗಳಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳು ಕೊಳವೆಗಳ ತುದಿಗೆ ಬಂದು ಅಂಟಿಕೊಳ್ಳುತ್ತವೆ, ಗೋಡೆ ತೆಳುವಾಗುತ್ತದೆ.

ಈ ಹೊತ್ತಿನಲ್ಲೆಲ್ಲ ಶ್ವಾಸಕೋಶದ ತುಂಬ ನೀರು. ಆ ನೀರನ್ನು ಶ್ವಾಸಕೋಶವೇ ತಯಾರಿಸುತ್ತದೆ. ಮಗು ಎದೆ ಆಡಿಸಿ ಉಸಿರಾಟದ ತಾಲೀಮು ಮಾಡುತ್ತಿರುತ್ತದೆ, ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ.

ನಿಮ್ಮ ಅಕ್ಕನ ವಿಷಯ ಬರುವುದು ಇಲ್ಲಿ. ಸುಮಾರು 24ನೇ ವಾರದಿಂದ ಕೊಳವೆಗಳ ತುದಿಯ ಗಾಳಿಚೀಲಗಳ ಕೆಲವು ಜೀವಕೋಶಗಳು ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನಂಥ ವಸ್ತು ಮಾಡಲು ಶುರು ಮಾಡುತ್ತವೆ. ಸಾಕಾಗುವಷ್ಟು ಆಗುವುದು 35ನೇ ವಾರದ ಹೊತ್ತಿಗೆ. ಒದ್ದೆಯಾದ ಪ್ಲಾಸ್ಟಿಕ್ ಕವರ್ ಬಿಡಿಸಲು ಎಷ್ಟು ಒದ್ದಾಡುತ್ತೀರಿ, ಅಲ್ವಾ? ಸರ್ಫ್ಯಾಕ್ಟಂಟ್ ಇಲ್ಲದ ಗಾಳಿಚೀಲವೂ ಹಾಗೇ, ಉಸಿರು ಬಿಟ್ಟಾಗಲೆಲ್ಲ ಅಂಟಿಕೊಳ್ಳುತ್ತದೆ. ಪ್ರತಿ ಉಸಿರಿಗೂ ಮೊದಲಿನಿಂದ ಬಿಡಿಸಬೇಕು. ಅಂಥ ಕೂಸನ್ನು ನೋಡಿದರೆ ಗೊತ್ತಾಗುತ್ತದೆ. ಮೂಗಿನ ಹೊಳ್ಳೆ ಅರಳುತ್ತದೆ, ಪಕ್ಕೆ ಒಳಗೆ ಎಳೆಯುತ್ತದೆ, ಉಸಿರು ಬಿಡುವಾಗ "ಹ್ಞೂಂ, ಹ್ಞೂಂ" ಅಂತ ನರಳುತ್ತದೆ. ಆ ನರಳಾಟ ಸುಮ್ನೆ ಅಲ್ಲ. ಗಂಟಲು ಬಿಗಿಹಿಡಿದು ಒಳಗೆ ಒಂದಿಷ್ಟು ಗಾಳಿ ಉಳಿಸಿಕೊಳ್ಳಲು ಕೂಸು ತಾನೇ ಮಾಡುವ ಉಪಾಯ. ನಾವು ಸಿಪ್ಯಾಪ್, ಅಂದರೆ ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಮಷೀನು, ಹಾಕುವುದೂ ಅದೇ ಕೆಲಸಕ್ಕೆ. ಅಷ್ಟಕ್ಕೂ ಆಗದಿದ್ದರೆ, ದನದ ಅಥವಾ ಹಂದಿಯ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟಂಟನ್ನು ಸಣ್ಣ ಟ್ಯೂಬಿನಲ್ಲಿ ಒಳಗೆ ಬಿಡುತ್ತಾರೆ. ನೋಡಲು ಹಾಲಿನ ಹಾಗೇ ಇರುತ್ತದೆ. ಈ ಕಾಯಿಲೆಗೆ ಕಾರಣ ಸರ್ಫ್ಯಾಕ್ಟಂಟ್ ಕೊರತೆ ಎಂದು ಸಂಶೋಧಕರಾದ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ತೋರಿಸಿದ್ದು 1959ರಲ್ಲಿ. ನಾಲ್ಕು ವರ್ಷದ ನಂತರ ಅಮೆರಿಕದ ಅಧ್ಯಕ್ಷ ಕೆನಡಿಯ ಕೂಸೇ ಇದರಿಂದ ಎರಡು ದಿನ ತುಂಬುವ ಮೊದಲೇ ತೀರಿಕೊಂಡಿತು. ಆಗ ಔಷಧವೇ ಇರಲಿಲ್ಲ. ಜಪಾನಿನ ಡಾಕ್ಟರ್ ಫುಜಿವಾರ ಸರ್ಫ್ಯಾಕ್ಟಂಟ್ ಕೊಟ್ಟು ಮಕ್ಕಳನ್ನು ಉಳಿಸಿದ್ದನ್ನು ಬರೆದದ್ದು 1980ರಲ್ಲಿ.

ಇಂಜೆಕ್ಷನ್ನಿನ ಕಥೆ ಕುರಿಗಳಿಂದ ಬಂತು. ನ್ಯೂಜಿಲೆಂಡಿನ ಡಾಕ್ಟರ್ ಲಿಗಿನ್ಸ್ ಹೆರಿಗೆ ನೋವು ಯಾಕೆ ಶುರುವಾಗುತ್ತದೆ ಅಂತ ಹುಡುಕುತ್ತಿದ್ದರು. ಸ್ಟೆರಾಯ್ಡ್ ಕೊಟ್ಟ ಮೇಲೆ ದಿನ ತುಂಬದೆ ಹುಟ್ಟಿದ ಮರಿಯೊಂದು ಸಾಯಬೇಕಿತ್ತು, ಉಸಿರಾಡುತ್ತಿತ್ತು! 1972ರಲ್ಲಿ ಅವರು, ಮಕ್ಕಳ ಡಾಕ್ಟರ್ ಹೌವಿ ಇಬ್ಬರೂ ಸೇರಿ ಗರ್ಭಿಣಿಯರಲ್ಲೂ ಇದು ಕೆಲಸ ಮಾಡುತ್ತದೆಂದು ತೋರಿಸಿದರು. ನಮ್ಮಲ್ಲಿ ಸಾಮಾನ್ಯವಾಗಿ ಕೊಡುವುದು ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್, 12 ಗಂಟೆಗೊಂದರಂತೆ ನಾಲ್ಕು. ಸ್ಟೆರಾಯ್ಡ್ ಅಂದ ಕೂಡಲೇ ಹೆದರಬೇಡಿ. ಬೇಗ ಹೆರಿಗೆಯಾಗುವ ಸಂಭವ ಇದ್ದಾಗ ಮಾತ್ರ ಕೊಡುತ್ತಾರೆ.

ಹುಟ್ಟುವಾಗ ಏನಾಗುತ್ತದೆ ಅಂತಲೂ ಕೇಳಿದ್ದೀರಿ. ಹೊಟ್ಟೆಯಲ್ಲಿರುವಾಗ ಮಗುವಿನ ಶ್ವಾಸಕೋಶಕ್ಕೆ ರಕ್ತ ಹೋಗುವುದು ತೀರಾ ಕಡಿಮೆ, ಆಮ್ಲಜನಕ ಬರುವುದು ಮಾಸಿನಿಂದ. ನೋವು ಶುರುವಾದಾಗ ಏರುವ ಹಾರ್ಮೋನುಗಳಿಂದ ಶ್ವಾಸಕೋಶ ನೀರು ಸುರಿಸುವುದನ್ನು ಬಿಟ್ಟು ಹೀರಲು ಶುರು ಮಾಡುತ್ತದೆ. ಮಗು ಅತ್ತ ಕೂಡಲೇ ಗಾಳಿ ತುಂಬಿ, ರಕ್ತ ಶ್ವಾಸಕೋಶಕ್ಕೆ ನುಗ್ಗುತ್ತದೆ. ನೋವು ಬರುವ ಮೊದಲೇ ಸಿಸೇರಿಯನ್ ಆದ ಕೆಲವು ಮಕ್ಕಳು ಒಂದೆರಡು ದಿನ ಜೋರಾಗಿ ಉಸಿರಾಡುವುದು ಈ ನೀರು ನಿಧಾನಕ್ಕೆ ಇಂಗುವುದರಿಂದ.

ಹುಟ್ಟಿದ ಮೇಲೂ ಕೆಲಸ ಬಾಕಿ ಇರುತ್ತದೆ. ದೊಡ್ಡವರಲ್ಲಿ 30 ಕೋಟಿಗೂ ಜಾಸ್ತಿ ಗಾಳಿಚೀಲ, ಹಸುಗೂಸಿನಲ್ಲಿ ಅದರ ಸಣ್ಣ ಪಾಲು. ಮೊದಲ ಎರಡು-ಮೂರು ವರ್ಷದಲ್ಲಿ ಬೇಗ ಬೇಗ, ಆಮೇಲೆ ನಿಧಾನವಾಗಿ ಹೊಸವು ಸೇರುತ್ತವೆ. ಅದಕ್ಕೇ ಬಾಣಂತಿ ಕೋಣೆಯ ಕೆಂಡ, ಲೋಬಾನದ ಹೊಗೆ ನನಗೆ ಆಗಲ್ಲ. ಅಜ್ಜಿಗೆ ಬೇಜಾರಾಗದಂತೆ ಹೇಳಿ: ಎರೆದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಬೆಚ್ಚಗೆ ಸುತ್ತಿದರೆ ಸಾಕು. ಮನೆ ಮಂಡಕ್ಕಿ ಭಟ್ಟಿ ಹತ್ತಿರ ಇದ್ದರೆ ಭಟ್ಟಿ ಉರಿಯುವ ಹೊತ್ತಿಗೆ ಆ ಕಡೆಯ ಕಿಟಕಿ ಮುಚ್ಚಿ. ಬೀಡಿ ಸೇದುವವರು ಹೊರಗೆ.

ಇಂಜೆಕ್ಷನ್ ಕೊಟ್ಟ ಚೀಟಿ ತಾಯಿ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ಹೆರಿಗೆಗೆ ಬೇರೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಎಷ್ಟು ಡೋಸ್ ಆಗಿದೆ, ಕೊನೆಯದು ಎಷ್ಟು ಗಂಟೆಗೆ ಅಂತ ಮೊದಲು ಕೇಳುವುದು ನಮ್ಮಂಥವರೇ.