ಗುಳಿಗೆ ಬಿಟ್ಟರೆ ಎದೆಗೆ ಒಳ್ಳೆಯದಾ?

(ಹೆಸರು ಹಾಕಿಲ್ಲ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ.)

ರಾಯಚೂರು ಜಿಲ್ಲೆಯ ಸಿಂಧನೂರು ಕಡೆಯ 47 ವರ್ಷದ ಹೆಣ್ಣುಮಗಳು. ಭತ್ತದ ನಾಟಿ, ಕಳೆ ತೆಗೆಯುವ ಕೂಲಿ. ಗಂಡ ತೀರಿಕೊಂಡಿದ್ದಾರೆ. ಎಚ್‌ಐವಿ ಇದೆ. ಅದನ್ನು ಹತೋಟಿಯಲ್ಲಿಡುವ ಎ.ಆರ್.ಟಿ. ಗುಳಿಗೆಯನ್ನು 12 ವರ್ಷದಿಂದ ತಪ್ಪಿಸದವರು. ಹಿಂದಿನ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಅಳೆಯುವ ಪರೀಕ್ಷೆ) ರಿಪೋರ್ಟಿನಲ್ಲಿ ವೈರಸ್ ಪತ್ತೆಯಾಗಿರಲಿಲ್ಲ. ಗುಳಿಗೆ ಒಯ್ಯಲು ಬರುವ ಇಂಥವರ ಜೊತೆ ನನ್ನ ಮಾತು ಬೇಗ ಮುಗಿಯುತ್ತದೆ.

ಈ ಸಲ ಉಳಿದ ಗುಳಿಗೆ ಎಣಿಸಿದರೆ ಲೆಕ್ಕ ಕೂಡಲಿಲ್ಲ. 9 ಗುಳಿಗೆ ಜಾಸ್ತಿ ಇದ್ದವು, ಅದೂ ಡಬ್ಬಿಯಲ್ಲಲ್ಲ, ಎಲೆ-ಅಡಿಕೆ ಸಂಚಿಯಲ್ಲಿ. ಸಂಚಿ ಬಿಚ್ಚಿ ಮೇಜಿನ ಮೇಲಿಟ್ಟರು. ಬಾಡಿದ ಎಲೆ, ಅಡಿಕೆ ಹೋಳು, ಸುಣ್ಣದ ಡಬ್ಬಿ, ತಂಬಾಕಿನ ಪುಡಿ ಮೆತ್ತಿಕೊಂಡ ಬಿಳಿ ಗುಳಿಗೆಗಳು. ಸೊಸೆಗೆ ಗೊತ್ತಾಗಬಾರದು ಅಂತ ವರ್ಷಗಳಿಂದ ಹೀಗೇ ಬಚ್ಚಿಡುತ್ತಿದ್ದರಂತೆ.

"ಮೇಡಂರೀ, ನಮ್ ಜೋಡಿ ಗುಳಿಗಿ ಒಯ್ಯಾಕ ಬರ್ತಿದ್ದಾಕಿ ಎದಿ ಹಿಡಕೊಂಡು ಹೋಗಿಬಿಟ್ಟಳು. ಈ ಗುಳಿಗಿ ಭಾಳ ಉಷ್ಣ ಅಂತರೀ. ಅದಕ್ಕ ಬಿಟ್ಟೆ" ಅಂದರು.

ಬೈಯುವ ಮಾತೇ ಇಲ್ಲ. ಅವರ ಭಯ ಸುಳ್ಳಲ್ಲ. ಎಚ್‌ಐವಿ ಇರುವವರಿಗೆ ಹೃದಯದ ಕಾಯಿಲೆ ಬರುವ ಸಾಧ್ಯತೆ ಬೇರೆಯವರಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಜಾಸ್ತಿ. ಆದರೆ ತಪ್ಪನ್ನು ಗುಳಿಗೆಯ ತಲೆಗೆ ಕಟ್ಟಿದ್ದರು. ಅದನ್ನು ಬಿಡಿಸಿ ಹೇಳಬೇಕಿತ್ತು.

ಎಚ್‌ಐವಿ ಮೈಗೆ ಹೊಕ್ಕ ಮೊದಮೊದಲಿಗೇ ಕರುಳಿನ ಗೋಡೆಯಲ್ಲಿರುವ, ರೋಗದ ವಿರುದ್ಧ ಹೋರಾಡುವ ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು ಕೊಲ್ಲುತ್ತದೆ. ಆ ಗೋಡೆ ಮುಂದೆ ಪೂರ್ತಿ ರಿಪೇರಿಯಾಗುವುದಿಲ್ಲ. ಅವರ ಹೊಲದ ಪಕ್ಕವೇ ತುಂಗಭದ್ರಾ ಎಡದಂಡೆಯ ಕಾಲುವೆ ಹರಿಯುತ್ತದೆ. ಕಾಲುವೆಯ ಲೈನಿಂಗ್ ಒಡೆದರೆ ನೀರು ಜಿನುಗುತ್ತಲ್ವಾ, ಹಾಗೆ ಕರುಳಿನಲ್ಲಿರುವ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಜಿನುಗುತ್ತವೆ ಅಂದೆ. ಇದಲ್ಲದೆ ಗುಳಿಗೆಗೆ ಸಿಗದಂತೆ ಅಡಗಿ ಕೂತ ವೈರಸ್ಸೂ ಒಂದಿಷ್ಟು ಇರುತ್ತದೆ. ಹಾಗಾಗಿ ರೋಗನಿರೋಧಕ ಶಕ್ತಿಗೆ ವಿಶ್ರಾಂತಿಯೇ ಇಲ್ಲ. ಒಳಗೊಳಗೇ ಸಣ್ಣ ಉರಿಯೂತ ನಡೆದೇ ಇರುತ್ತದೆ. ರಕ್ತನಾಳದ ಒಳಮೈ ಹಾಳಾಗಿ ಕೊಬ್ಬು ಕೂರುವುದು, ರಕ್ತ ಹೆಪ್ಪುಗಟ್ಟುವುದು ಇದರಿಂದಲೇ ಸುಲಭವಾಗುತ್ತದೆ.

ಗುಳಿಗೆ ಈ ಉರಿಯೂತವನ್ನು ತಗ್ಗಿಸುತ್ತದೆ, ಪೂರ್ತಿ ಆರಿಸುವುದಿಲ್ಲ. ಬಿಟ್ಟರೆ ಮತ್ತೆ ಭುಗಿಲೇಳುತ್ತದೆ. ಇದು ಸುಮ್ನೆ ಹೇಳುವ ಮಾತಲ್ಲ. 2006ರಲ್ಲಿ ಪ್ರಕಟವಾದ ಸ್ಮಾರ್ಟ್ ಎಂಬ ಅಧ್ಯಯನದಲ್ಲಿ 5,400ಕ್ಕೂ ಹೆಚ್ಚು ಜನರಿದ್ದರು. ಆಗಾಗ ಗುಳಿಗೆ ನಿಲ್ಲಿಸಿದ ಗುಂಪಿನಲ್ಲಿ ಸಾವೂ ಹೃದಯದ ತೊಂದರೆಯೂ ಜಾಸ್ತಿಯಾದವು. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿ ಎಲ್ಲರಿಗೂ ಗುಳಿಗೆ ಮುಂದುವರಿಸಲು ಹೇಳಿದರು. ಅಂಕಿಗಳನ್ನು ಅವರಿಗೆ ಹೇಳಲಿಲ್ಲ. "ನಿಮ್ಮ ಎದೆ ಕಾಯಬೇಕಂದ್ರ ಮೊದಲ ಔಷಧ ಇದೇ ಗುಳಿಗೆ ಅಕ್ಕ" ಅಂದೆ.

ಮಾತಾಡುತ್ತಾ ಇನ್ನೊಂದು ವಿಷಯ ಬಾಯಿಬಿಟ್ಟರು. ಎದೆಯಲ್ಲಿ ಉರಿ, ನಡೆದರೆ ಏದುಸಿರು. ಗ್ಯಾಸ್ ಇರಬೇಕು ಅಂತ ಮೆಡಿಕಲ್ ಶಾಪಿನ ಗುಲಾಬಿ ಬಣ್ಣದ ಔಷಧ ಕುಡಿಯುತ್ತಿದ್ದರು, ರಾತ್ರಿ ಗುಳಿಗೆಯ ಜೊತೆಗೇ! ಅಂಥ ಔಷಧ, ಎ.ಆರ್.ಟಿ. ಗುಳಿಗೆಯಲ್ಲಿರುವ ಡೊಲುಟೆಗ್ರಾವಿರ್ ಎಂಬ ಮದ್ದು ಮೈಗೆ ಹತ್ತದಂತೆ ಮಾಡುತ್ತದೆ. ಗುಳಿಗೆ ನುಂಗಿ ಎರಡು ತಾಸು ಕಳೆದ ಮೇಲೆ ಅದನ್ನು ಕುಡಿಯಬಹುದು. ಮೊದಲೇ ಕುಡಿದಿದ್ದರೆ ಗುಳಿಗೆಗೆ ಆರು ತಾಸು ಕಾಯಬೇಕು. ಅದಕ್ಕಿಂತ ಮುಖ್ಯ, ಏದುಸಿರನ್ನು ಗ್ಯಾಸ್ ಅಂತ ತಳ್ಳಿಹಾಕಬಾರದು. ಹೆಂಗಸರಿಗೆ ಹೃದಯಾಘಾತ ಕೆಲವೊಮ್ಮೆ ಬರೀ ಸುಸ್ತು, ವಾಕರಿಕೆ, ದವಡೆ ನೋವಾಗಿ ಬರುತ್ತದೆ. ಅವತ್ತೇ ವೈದ್ಯರಿಗೆ ತೋರಿಸಿದೆವು. ಇಸಿಜಿ ಸರಿ ಇತ್ತು. ಬಿಪಿ ಮಾತ್ರ 152/94. ಇನ್ನೊಂದು ದಿನ ನೋಡಿದಾಗಲೂ ಹೆಚ್ಚೂಕಡಿಮೆ ಅಷ್ಟೇ. ಬಿಪಿ ಗುಳಿಗೆ ಶುರುವಾಯಿತು.

ಕೊಟ್ಟ ಸಲಹೆ ಇಷ್ಟು. ಎ.ಆರ್.ಟಿ. ಅವತ್ತಿನ ರಾತ್ರಿಯಿಂದಲೇ ಮತ್ತೆ ಶುರು, ವೈರಲ್ ಲೋಡ್ ಮತ್ತೊಮ್ಮೆ ಪರೀಕ್ಷೆ. ಗುಳಿಗೆ ಸಂಚಿಯಲ್ಲಿ ಬೇಡ, ತೇವ ತಗಲುತ್ತದೆ. ಬೇಕಿದ್ದರೆ ಲೇಬಲ್ ಕಿತ್ತುಬಿಡಿ, ಡಬ್ಬಿ ಅದೇ ಇರಲಿ. ರೊಟ್ಟಿ, ಬೇಳೆ, ಪುಂಡಿಪಲ್ಯ ಹಾಗೇ ನಡೆಯಲಿ. ಉಪ್ಪಿನಕಾಯಿ, ಸಂಡಿಗೆ, ಸಂತೆ ದಿನದ ಮಿರ್ಚಿ ಕಡಿಮೆಯಾಗಲಿ. ಬಿಪಿ ನೋಡುವ ವೈದ್ಯರಿಗೆ ಎ.ಆರ್.ಟಿ. ವಿಷಯ ಹೇಳಿ, ಔಷಧಕ್ಕೆ ಔಷಧ ಅಡ್ಡ ಬರಬಾರದು. ನಿಮ್ಮ ಒಪ್ಪಿಗೆ ಇಲ್ಲದೆ ಅವರು ಊರಿಗೆಲ್ಲ ಹೇಳುವಂತಿಲ್ಲ, 2017ರ ಎಚ್‌ಐವಿ-ಏಡ್ಸ್ ಕಾಯ್ದೆ ನಿಮ್ಮ ಬೆನ್ನಿಗಿದೆ.

ಗಟ್ಟಿಯಾಗಿ ನಿಂತು ಮಾತಾಡಿದ್ದು ತಂಬಾಕಿನ ಬಗ್ಗೆ. ಅಗಿಯುವ ತಂಬಾಕಿನ ನಿಕೋಟಿನ್ ಕೂಡ ಬಿಪಿ, ಎದೆಬಡಿತ ಏರಿಸುತ್ತದೆ. ಬೀಡಿ ಸೇದುವ ಗಂಡಸರನ್ನು ಮಾತ್ರ ಎಚ್ಚರಿಸಿ, ಎಲೆಯಲ್ಲಿ ತಂಬಾಕು ಹಾಕುವ ಹೆಂಗಸರನ್ನು ಕೇಳದೇ ಬಿಡುವುದು ನಮ್ಮಲ್ಲಿ ದೊಡ್ಡ ಕೊರತೆ ಅನ್ನುವುದು ನನ್ನ ಅಭಿಪ್ರಾಯ. "ನಾಟಿ ಹಚ್ಚುವಾಗ ಬಾಯಾಗ ಇರದಿದ್ರ ಕೈ ಓಡಂಗಿಲ್ಲರೀ" ಅಂದರು. ಮೊದಲು ರಾತ್ರಿಯದು ಬಿಡಿ, ಆಮೇಲೆ ಬೆಳಗಿನದು ಅಂತ ಒಪ್ಪಂದವಾಯಿತು.

ಕೊಲೆಸ್ಟ್ರಾಲ್ ಗುಳಿಗೆಯ ಮಾತನ್ನು ವೈದ್ಯರೇ ಎತ್ತಿದರು. ಭಾರತವೂ ಸೇರಿ 12 ದೇಶಗಳಲ್ಲಿ, 40ರಿಂದ 75 ವರ್ಷದ 7,769 ಎಚ್‌ಐವಿ ಸೋಂಕಿತರ ಮೇಲೆ ನಡೆದ ರಿಪ್ರೀವ್ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ದಿನಕ್ಕೊಂದು ಪಿಟಾವಾಸ್ಟಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಳಿಗೆಗಳಲ್ಲಿ ಒಂದು) ತಗೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ತೊಂದರೆಗಳು ಶೇ. 35ರಷ್ಟು ಕಡಿಮೆ. ಆದರೆ ಯಾರಿಗೆ, ಯಾವ ಸ್ಟಾಟಿನ್ ಅನ್ನುವುದು ವೈದ್ಯರ ತೀರ್ಮಾನ. ಕೆಲವು ಎ.ಆರ್.ಟಿ. ಔಷಧಗಳ ಜೊತೆ ಕೆಲವು ಸ್ಟಾಟಿನ್ ಆಗಿಬರುವುದಿಲ್ಲ.

ಮುಂದಿನ ಭೇಟಿಗೆ ಬಿಪಿ 136/86ಕ್ಕೆ ಇಳಿದಿತ್ತು, ಗುಳಿಗೆ ಲೆಕ್ಕವೂ ಸರಿಯಾಗಿತ್ತು. ತಂಬಾಕು ರಾತ್ರಿ ಬಿಟ್ಟಿದ್ದಾರೆ, ಹಗಲು ಇನ್ನೂ ಇದೆ. ಸೊಸೆಗೆ ಹೇಳಿಲ್ಲ. ಆದರೆ ಎದೆ ಹಿಡಿದರೆ, ಬೆವರಿದರೆ 108ಕ್ಕೆ ಫೋನ್ ಮಾಡು ಅಂತ ಆಕೆಗೆ ಹೇಳಿಕೊಟ್ಟಿದ್ದಾರೆ.